ಅಡಿಕೆ ಅಂಗಡಿಗೆ ‘ಸಿಸ್ಟಮ್’ ಬೇಕಂತೆ: ಸಿಸ್ಟಮ್ಸ್ ಅನಲಿಸ್ಟ್ ಮೊದಲು ಎಂತ ಮಾಡಬೇಕು?

ಕೊಟ್ಟಾರಚೌಕಿ

ಎಲ್ಲರಿಗೂ ನಮಸ್ಕಾರ. ಬಿಸಿಎ ಮುಗಿಸಿ ಮಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಟ್ರೈನಿ ಅನಲಿಸ್ಟ್ ಆಗಿದ್ದೇನೆ. ಮೊದಲ ಕೆಲಸ ಬಂದರಿನ ಒಂದು ಅಡಿಕೆ ಖರೀದಿ ಅಂಗಡಿಯದ್ದು. ಪುತ್ತೂರಿನಲ್ಲಿ ಅವರ ಇನ್ನೊಂದು ಶಾಖೆ ಉಂಟು. ಸೀಸನ್ನಿನಲ್ಲಿ ದಿನಕ್ಕೆ 60-70 ತೂಕದ ಚೀಟಿ, ಮಳೆಗಾಲದಲ್ಲಿ 15ರ ಹತ್ತಿರ. ಲೆಕ್ಕಕ್ಕೆ ಟ್ಯಾಲಿ ಸಾಫ್ಟ್‌ವೇರ್ ಉಂಟು. ಧಣಿಗಳು ಹೇಳಿದ್ದು ಇಷ್ಟೇ: “ಸಂಜೆ ಬಾಗಿಲು ಹಾಕುವಾಗ ಯಾವ ಗ್ರೇಡಿನ ಮಾಲು ಎಷ್ಟುಂಟು ಅಂತ ನನಗೆ ಗೊತ್ತಾಗಬೇಕು. ಅದಕ್ಕೊಂದು ಸಿಸ್ಟಮ್ ಮಾಡಿಕೊಡಿ.”

ಕೇಳಬೇಕಾದ್ದು: ಮಾಹಿತಿ ವ್ಯವಸ್ಥೆ ಅಂದರೆ ಸಾಫ್ಟ್‌ವೇರೇ ಅಲ್ಲವಾ? ಟಿಪಿಎಸ್, ಎಂಐಎಸ್, ಡಿಎಸ್‌ಎಸ್ ಅಂತ ಮೂರು ಬಗೆಯ ಮಾಹಿತಿ ವ್ಯವಸ್ಥೆ ಪರೀಕ್ಷೆಗೆ ಬರೆದದ್ದು ಇಲ್ಲಿ ಎಲ್ಲಿ ಬರುತ್ತದೆ? ಮೊದಲ ವಾರ ಅಲ್ಲಿ ಹೋಗಿ ಎಂತ ಮಾಡಬೇಕು? ಡಿಎಫ್‌ಡಿ (ಡೇಟಾ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ವೃತ್ತ, ಬಾಣಗಳಲ್ಲಿ ತೋರಿಸುವ ಚಿತ್ರ) ಈಗಲೂ ಬರೆಯುತ್ತಾರಾ, ಅಥವಾ ನೇರ ಸ್ಕ್ರೀನ್ ಮಾಡಿ ತೋರಿಸಿದರೆ ಸಾಕಾ?

ಶಿರ್ವದಕ್ಕ

ಸಾಫ್ಟ್‌ವೇರ್ ಅದರ ಒಂದು ಭಾಗ ಮಾತ್ರ. ಜನ, ಕೆಲಸದ ಕ್ರಮ, ಡೇಟಾ, ಯಂತ್ರ, ಸಾಫ್ಟ್‌ವೇರ್ – ಐದೂ ಸೇರಿದರೆ ಮಾಹಿತಿ ವ್ಯವಸ್ಥೆ. ಹಾಗೆ ನೋಡಿದರೆ ಆ ಅಂಗಡಿಯಲ್ಲಿ ವ್ಯವಸ್ಥೆ ಆಗಲೇ ಉಂಟು: ತೂಕದ ಚೀಟಿ ಪುಸ್ತಕ, ಬೆಳಿಗ್ಗೆ ರೇಟು ಬರೆಯುವ ಹಲಗೆ, ಪುತ್ತೂರಿನಿಂದ ಬರುವ ವಾಟ್ಸಾಪ್, ಚೀಟಿ ಬರೆಯುವ ರೈಟರ ತಲೆಯಲ್ಲಿರುವ ಲೆಕ್ಕ. ನೀವು ಇಲ್ಲದ್ದನ್ನು ತರಲು ಹೊರಟದ್ದಲ್ಲ, ಇರುವುದನ್ನು ಬದಲಿಸಲು ಹೊರಟದ್ದು. ಇದನ್ನು ಮರೆತವರು ಮಾಡಿದ ಸಾಫ್ಟ್‌ವೇರ್ ಒಂದು ಕಡೆ, ಹಳೇ ಚೀಟಿ ಪುಸ್ತಕ ಇನ್ನೊಂದು ಕಡೆ ನಡೆಯುತ್ತಾ ಇರುತ್ತದೆ.

ಒಂದೇ ಒಂದು ಚೀಟಿ ಕೈಗೆ ತಗೊಳ್ಳಿ. ಗೋಣಿ ಸಮೇತ 52.300 ಕಿಲೋ, ಗೋಣಿಗೆ 0.800 ಕಳೆದು 51.500, ರೇಟು 400 ಅಂತ ಇಟ್ಟುಕೊಳ್ಳಿ, 20,600 ರೂಪಾಯಿ. ಈ ಅಂಕೆಗಳು ಡೇಟಾ. ಇದನ್ನು ಬರೆದು, ರೈತನಿಗೆ ದುಡ್ಡು ಕೊಟ್ಟು ಮುಗಿಸುವುದು ಟಿಪಿಎಸ್, ಅಂದರೆ ದಿನದ ವ್ಯವಹಾರ ದಾಖಲಿಸುವ ಪದರ. ಇಂಥ 60 ಚೀಟಿ ಕೂಡಿಸಿ “ಇವತ್ತು ಹೊಸತು ಇಷ್ಟು, ಡಬಲ್ ಚೋಲ್ ಇಷ್ಟು, ಪಟೋರ ಇಷ್ಟು, ಸರಾಸರಿ ಖರೀದಿ ದರ ಇಷ್ಟು” ಅಂತ ಗ್ರೇಡುವಾರು ಸಂಜೆ ಧಣಿಗಳ ಮುಂದೆ ಇಡುವುದು ಎಂಐಎಸ್. “ಗುಜರಾತಿನ ಪಾರ್ಟಿ ಕೇಳಿದ ರೇಟಿಗೆ ಈಗ ಒಂದು ಲಾರಿ ಕಳಿಸಿದರೆ ಎಷ್ಟು ಉಳಿಯುತ್ತದೆ, ಒಂದು ತಿಂಗಳು ಗೋದಾಮಿನಲ್ಲಿಟ್ಟರೆ ಬ್ಯಾಂಕ್ ಬಡ್ಡಿ ಮತ್ತು ತೂಕದ ಇಳಿತ ಕಳೆದು ಎಷ್ಟು” ಅಂತ ಲೆಕ್ಕ ಹಾಕಿ ನೋಡುವುದಕ್ಕೆ ಬೇಕಾದ್ದು ಡಿಎಸ್‌ಎಸ್. ಅದು ಎಕ್ಸೆಲ್ ಹಾಳೆಯೂ ಆಗಬಹುದು.

ನಿಮ್ಮ ಧಣಿಗಳು ಕೇಳಿದ್ದು ಎರಡನೇ ಪದರ. ಆದರೆ ತೊಂದರೆ ಇರುವುದು ಒಂದನೆಯದರಲ್ಲಿ. ಚೀಟಿಯಲ್ಲಿ ಗ್ರೇಡು ಸರಿಯಾಗಿ ಬರೆಯದೆ ಬರೀ “ಅಡಿಕೆ” ಅಂತ ಬರೆದರೆ, ಸಂಜೆಯ ವರದಿಯನ್ನು ಎಷ್ಟು ಚಂದ ಮಾಡಿದರೂ ಗ್ರೇಡುವಾರು ಸಂಖ್ಯೆ ಹುಟ್ಟುವುದಿಲ್ಲ. ಕೇಳಿದ ವರದಿಯಿಂದ ಹಿಂದಕ್ಕೆ ನಡೆದು, ಅದರ ಒಂದೊಂದು ಅಂಕೆ ಯಾವ ಕ್ಷಣ, ಯಾರ ಕೈಯಲ್ಲಿ ಹುಟ್ಟುತ್ತದೆ ಎಂದು ಹುಡುಕಬೇಕು. ಸಿಸ್ಟಮ್ಸ್ ಅನಲಿಸ್ಟಿನ ಕೆಲಸದ ತಿರುಳೇ ಇದು. ಪ್ರೋಗ್ರಾಮರ್ ಹೇಗೆ ಕಟ್ಟುವುದು ಅಂತ ಯೋಚಿಸುತ್ತಾನೆ, ಪ್ರಾಜೆಕ್ಟ್ ಮ್ಯಾನೇಜರ್ ಯಾವಾಗ ಮುಗಿಯುತ್ತದೆ ಅಂತ. ಏನು ಕಟ್ಟಬೇಕು, ಯಾಕೆ ಕಟ್ಟಬೇಕು, ಏನನ್ನು ಕಟ್ಟಬಾರದು ಎನ್ನುವುದಕ್ಕೆ ನೀವು ಜವಾಬ್ದಾರರು.

ಮೊದಲ ವಾರಕ್ಕೆ ಹೀಗೆ ಮಾಡಿ. ಮೊದಲ ದಿನ ಧಣಿಗಳ ಹತ್ತಿರ ಎರಡೇ ವಿಷಯ ಮಾತಾಡಿ: ಯಾವ ಕೆಲಸ ಇದರೊಳಗೆ, ಯಾವುದು ಹೊರಗೆ, ಯಾರ್ಯಾರ ಹತ್ತಿರ ಮಾತಾಡಲು ಒಪ್ಪಿಗೆ. ಈ ಅಧ್ಯಯನ ಯಾಕೆ ಎಂದು ಕೆಲಸದವರಿಗೆ ಧಣಿಗಳ ಬಾಯಿಂದಲೇ ಹೇಳಿಸಿ. ಇಲ್ಲದಿದ್ದರೆ ‘ನಮ್ಮ ಕೆಲಸ ಹೋಗುತ್ತದೆ’ ಅಂತ ತಿಳಿದು ರೈಟರು ಬಾಯಿ ಬಿಡುವುದಿಲ್ಲ, ಅವರ ಭಯದಲ್ಲಿ ತಪ್ಪೂ ಇಲ್ಲ. ಮರುದಿನದಿಂದ ತಕ್ಕಡಿಯ ಹತ್ತಿರ ನಿಲ್ಲಿ. “ಹೇಗೆ ಮಾಡುತ್ತೀರಿ ಹೇಳಿ” ಅಂತ ಕೇಳಿದರೆ ನಿಯಮ ಹೇಳುತ್ತಾರೆ. “ಈಗ ಮಾಡುವುದನ್ನು ತೋರಿಸಿ” ಎಂದರೆ ನಿಜ ಕಾಣುತ್ತದೆ.

ಕಾಗದಗಳನ್ನು ಸಂಗ್ರಹಿಸುವಾಗ ಖಾಲಿ ಫಾರಂ ತರಬೇಡಿ, ಬರೆದು ತುಂಬಿಸಿದ್ದರ ಫೋಟೋ ತೆಗೆಯಿರಿ. ಖಾಲಿ ಚೀಟಿಯಲ್ಲಿ ಆರು ಕಲಂ ಇರುತ್ತದೆ. ತುಂಬಿಸಿದ್ದರಲ್ಲಿ ಎರಡು ಕಲಂ ಯಾರೂ ಮುಟ್ಟಿರುವುದಿಲ್ಲ, ಅಂಚಿನಲ್ಲಿ ಮಾತ್ರ “ಅಡ್ವಾನ್ಸ್ 5000”, “ಮಗ ಬಂದು ತಗೊಳ್ತಾನೆ” ಅಂತ ಪೆನ್ನಿನಲ್ಲಿ ಬರೆದಿರುತ್ತದೆ. ಆ ಅಂಚಿನ ಬರಹವೇ ನಿಮ್ಮ ನಿಜವಾದ ಅಗತ್ಯಗಳ ಪಟ್ಟಿ. ಕಡಿಮೆ ಎಂದರೆ ಹತ್ತು ಕೆಲಸದ ದಿನಗಳ ಚೀಟಿ ಎಣಿಸಿ, ಗಂಟೆವಾರು. ದಿನಕ್ಕೆ 60 ಅನ್ನುವ ಸರಾಸರಿಯಿಂದ ಏನೂ ಗೊತ್ತಾಗುವುದಿಲ್ಲ. ಅದರಲ್ಲಿ 35 ಚೀಟಿ ಬೆಳಿಗ್ಗೆ ಹತ್ತರಿಂದ ಹನ್ನೆರಡರ ಒಳಗೆ ಬಂದರೆ ಒಂದು ಚೀಟಿಗೆ ಮೂರೂವರೆ ನಿಮಿಷವೂ ಸಿಗುವುದಿಲ್ಲ. ನಿಮ್ಮ ಸ್ಕ್ರೀನಿಗೆ ಎಂಟು ಕ್ಲಿಕ್ ಬೇಕಾದರೆ ಅಲ್ಲಿಗೆ ಮುಗಿಯಿತು.

ಪ್ರತಿಯೊಬ್ಬರಲ್ಲೂ ಈ ಪ್ರಶ್ನೆ ಕೇಳಿ: “ಕಳೆದ ಸಲ ಲೆಕ್ಕ ತಾಳೆಯಾಗದೆ ಇದ್ದದ್ದು ಯಾವಾಗ, ಯಾಕೆ?” ಹಾಗೆಯೇ ರೈತ ಮಾಲು ಇಟ್ಟುಹೋಗಿ ರೇಟು ಆಮೇಲೆ ತೀರ್ಮಾನ ಮಾಡುವುದು ಉಂಟಾ ಅಂತ ತಪ್ಪದೆ ಕೇಳಿ. ಉಂಟು ಎಂದಾದರೆ ಮಾಲು ಬಂದ ದಿನಾಂಕ ಬೇರೆ, ರೇಟು ಕಡಿದ ದಿನಾಂಕ ಬೇರೆ. ಮಾಲು ಗೋದಾಮಿನಲ್ಲಿದ್ದರೂ ಅಂಗಡಿಯದ್ದಾಗಿರುವುದಿಲ್ಲ. ಇದನ್ನು ಮೊದಲೇ ಹಿಡಿಯದಿದ್ದರೆ ಇಡೀ ಡೇಟಾಬೇಸ್ ಮತ್ತೆ ಬರೆಯಬೇಕಾಗುತ್ತದೆ.

ಮಲ್ಪೆತೀರ

ಅಕ್ಕ ಹೇಳಿದ್ದು ಸರಿ, ಡಿಎಫ್‌ಡಿ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಧಣಿಗಳ ಮುಂದೆ ವೃತ್ತ, ಬಾಣ ಬಿಡಿಸಿದ ಹಾಳೆ ಇಟ್ಟರೆ “ಹ್ಞಾಂ ಸರಿ ಉಂಟು” ಅಂತ ಸಹಿ ಹಾಕಿಬಿಡುತ್ತಾರೆ, ಓದುವುದಿಲ್ಲ. ಅದೇ ಒಂದು ಚೀಟಿಯ ಸ್ಕ್ರೀನ್ ಕಾಗದದಲ್ಲಿ ಬಿಡಿಸಿ ತೂಕ ಹಾಕುವವರ ಕೈಗೆ ಕೊಡಿ, “ಇದರಲ್ಲಿ ಬರೀರಿ” ಅನ್ನಿ. ಅರ್ಧ ಗಂಟೆಯಲ್ಲಿ ಹತ್ತು ತಪ್ಪು ಹೊರಬರುತ್ತದೆ. ಪ್ರೋಟೋಟೈಪಿನ, ಅಂದರೆ ಮೊದಲೇ ಮಾಡಿ ತೋರಿಸುವ ಮಾದರಿಯ, ಬೆಲೆ ಅಲ್ಲಿ. ಆದರೆ ಅದನ್ನು ಕಂಪ್ಯೂಟರಿನಲ್ಲಿ ಬಣ್ಣ ಹಚ್ಚಿ ಮಾಡಬೇಡಿ. ಚಂದ ಕಂಡರೆ “ಆಗಿಹೋಗಿದೆಯಲ್ಲ, ನಾಳೆ ಕೊಡಿ” ಎನ್ನುತ್ತಾರೆ.

ಇನ್ನು ಆ ಅಂಗಡಿಯಲ್ಲಿ ಟ್ಯಾಲಿ ಇದ್ದೂ ಗ್ರೇಡುವಾರು ಮಾಲು ಯಾಕೆ ತಾಳೆಯಾಗುವುದಿಲ್ಲ ಎನ್ನುವುದು. ಟ್ಯಾಲಿಯ ತಪ್ಪಲ್ಲ. ಅಡಿಕೆ ಗೋದಾಮಿನೊಳಗೆ ಸುಮ್ಮನೆ ಕೂರುವ ವಸ್ತು ಅಲ್ಲ. ಬಂದ ಮಾಲನ್ನು ವಿಂಗಡಿಸುತ್ತಾರೆ, ಅದು ಒಣಗಿ ತೂಕ ಇಳಿಯುತ್ತದೆ, ಮುಂದಿನ ಬೆಳೆ ಬಂದಾಗ ಇವತ್ತಿನ ‘ಹೊಸತು’ ಹಳತಾಗುತ್ತದೆ. ಖರೀದಿ ಮತ್ತು ಮಾರಾಟ ಎರಡನ್ನೇ ಬರೆದು ನಡುವಿನದ್ದನ್ನು ಬರೆಯದಿದ್ದರೆ ಸ್ಟಾಕ್ ಎಲ್ಲಿಂದ ತಾಳೆಯಾಗಬೇಕು?

ಲೆಕ್ಕಕ್ಕೆ 1000 ಕಿಲೋ ಹೊಸತು ವಿಂಗಡಣೆಗೆ ಹೋಯಿತು ಅಂತ ಹಿಡಿಯಿರಿ. ಹೊರಬಂದದ್ದು ಒಳ್ಳೆಯದು 890, ಕೆಳ ಗ್ರೇಡುಗಳಾದ ಪಟೋರ 60, ಉಳ್ಳಿಗಡ್ಡೆ 25, ಕೋಕ 15. ಕೂಡಿಸಿದರೆ 990. ಉಳಿದ 10 ಕಿಲೋ ಧೂಳು, ಸಿಪ್ಪೆ, ಒಣಗಿದ್ದು. ಇದು ಒಂದು ವ್ಯವಹಾರ, ಆರು ಸಾಲು: 1000 ಹೊರಗೆ, ನಾಲ್ಕು ಗ್ರೇಡು ಒಳಗೆ, ಜೊತೆಗೆ ‘ಇಳಿತ’ ಎಂಬ ಆರನೇ ಸಾಲು. ಹೊರಗಿನ ತೂಕ ಮತ್ತು ಒಳಗಿನ ತೂಕ ಪ್ಲಸ್ ಇಳಿತ ಸಮ ಆಗದಿದ್ದರೆ ಸೇವ್ ಆಗಬಾರದು. ಇಳಿತ ಶೇಕಡಾ ಎಷ್ಟರ ಮೇಲೆ ಹೋದರೆ ಧಣಿಗಳ ಒಪ್ಪಿಗೆ ಬೇಕು ಅನ್ನುವುದನ್ನು ಅವರನ್ನೇ ಕೇಳಿ ಬರೆದುಕೊಳ್ಳಿ, ನೀವು ಊಹಿಸಬೇಡಿ.

ಇದರಿಂದ ಡೇಟಾಬೇಸಿಗೆ ಬರುವ ನಿಯಮ: ‘ಈಗಿನ ಸ್ಟಾಕ್’ ಅಂತ ಒಂದು ಕಲಂ ಇಟ್ಟು ಅದನ್ನೇ ತಿದ್ದುತ್ತಾ ಹೋಗಬೇಡಿ. ಒಳಗೆ-ಹೊರಗೆ ಚಲನೆಯ ಸಾಲುಗಳನ್ನು ಮಾತ್ರ ಇಡಿ, ಸ್ಟಾಕನ್ನು ಕೂಡಿಸಿ ತೋರಿಸಿ. ತಪ್ಪಾದರೆ ಅಳಿಸುವುದಲ್ಲ, ವಿರುದ್ಧ ಸಾಲು ಹಾಕಿ ಮತ್ತೆ ಸರಿಯಾದ್ದು ಬರೆಯುವುದು. ಗ್ರೇಡು ಬೇರೆ ಕೋಷ್ಟಕ, ಮೋಟಿ, ಜಾಮ್, ಜೀನಿ ಎಂಬ ಗಾತ್ರದ ಹೆಸರು ಬೇರೆ ಕೋಷ್ಟಕ, ಎರಡನ್ನೂ ಒಂದೇ ಪಟ್ಟಿಯಲ್ಲಿ ಕಲಸಿದರೆ ಆರು ತಿಂಗಳಲ್ಲಿ ನಲವತ್ತು ‘ಗ್ರೇಡು’ ಆಗುತ್ತದೆ. ರೇಟಿಗೆ ದಿನಾಂಕ ಮಾತ್ರ ಸಾಲದು, ಗಂಟೆಯೂ ಬೇಕು, ಮಧ್ಯಾಹ್ನ ರೇಟು ಬದಲಾದ ದಿನ ಇದು ಗೊತ್ತಾಗುತ್ತದೆ. ಚೀಟಿಯಲ್ಲಿ ಆ ಹೊತ್ತಿನ ರೇಟನ್ನು ನಕಲು ಮಾಡಿ ಇಡಿ. ರೇಟು ಕೋಷ್ಟಕಕ್ಕೆ ಕೊಂಡಿ ಮಾತ್ರ ಇಟ್ಟರೆ ನಾಳೆ ಯಾರೋ ರೇಟು ತಿದ್ದಿದಾಗ ನಿನ್ನೆಯ ಬಿಲ್ಲೂ ಬದಲಾಗುತ್ತದೆ.

ಹೊಸತನ್ನು ಹಳತು ಮಾಡುವುದನ್ನು ತಾರೀಕು ನೋಡಿ ತಾನಾಗಿ ಆಗುವಂತೆ ಮಾಡಬೇಡಿ. ಅದು ವ್ಯಾಪಾರದ ತೀರ್ಮಾನ, ಧಣಿಗಳು ಒತ್ತುವ ಬಟನ್ ಆಗಿರಲಿ.

ರೈತರ ಗುರುತಿಗೆ ಫೋನ್ ನಂಬರ್ ಬೇಡ. ಅಪ್ಪ ಮಗ ಒಂದೇ ನಂಬರ್ ಕೊಡುತ್ತಾರೆ, ಸಿಮ್ಮೂ ಬದಲಾಗುತ್ತದೆ. ಹೆಸರು ಸಾಲದು, ನಮ್ಮ ಕಡೆ ಒಂದೇ ಹೆಸರಿನ ಹತ್ತು ಜನ ಸಿಗುತ್ತಾರೆ, ಬೇರೆ ಮಾಡುವುದು ಮನೆ ಹೆಸರು ಮತ್ತು ಊರು. ಅವೆರಡನ್ನು ಹುಡುಕಲು ಇಡಿ, ಗುರುತಿಗೆ ಅಂಗಡಿಯದ್ದೇ ಕೋಡು ಕೊಡಿ. ತಪ್ಪು ಹೊಡೆದರೆ ಗೊತ್ತಾಗಲು ಕೊನೆಗೊಂದು ತಪಾಸಣೆ ಅಂಕೆ ಸೇರಿಸಿ. 2471ಕ್ಕೆ ಎಡದಿಂದ 5, 4, 3, 2ರಿಂದ ಗುಣಿಸಿ: 10, 16, 21, 2, ಒಟ್ಟು 49. 11ರಿಂದ ಭಾಗಿಸಿದರೆ ಶೇಷ 5. 11ರಲ್ಲಿ 5 ಕಳೆದರೆ 6, ಕೋಡು 24716. ಅವಸರದಲ್ಲಿ 27416 ಅಂತ ಹೊಡೆದರೆ ಮೊತ್ತ 52, ಶೇಷ 8, ಬರಬೇಕಾದ ಅಂಕೆ 3, ಆದ್ದರಿಂದ ಯಂತ್ರ ಒಪ್ಪುವುದಿಲ್ಲ. ಶೇಷ ಸೊನ್ನೆ ಬಂದರೆ ತಪಾಸಣೆ ಅಂಕೆ 0. ಉತ್ತರ 10 ಬರುವ ಕೋಡುಗಳನ್ನು ಯಾರಿಗೂ ಕೊಡದೆ ಬಿಟ್ಟುಬಿಡಿ.

ಶಿರ್ವದಕ್ಕ

ಮಲ್ಪೆತೀರದವರೇ, ಡಿಎಫ್‌ಡಿ ಧಣಿಗಳಿಗೆ ತೋರಿಸಲಿಕ್ಕೆ ಅಲ್ಲ ಎನ್ನುವುದು ನಾನೂ ಒಪ್ಪುತ್ತೇನೆ. ಅದು ಅನಲಿಸ್ಟಿಗೆ ತನ್ನ ತಿಳಿವಳಿಕೆಯಲ್ಲಿ ಎಲ್ಲಿ ತೂತು ಉಂಟು ಅಂತ ಕಾಣಿಸುವ ಸಾಧನ. ವಿಂಗಡಣೆಯ ಲೆಕ್ಕ ಎಲ್ಲೂ ಬರೆಯುತ್ತಿಲ್ಲ ಅನ್ನುವುದು ಸ್ಕ್ರೀನ್ ಬಿಡಿಸುವಾಗ ಕಾಣುವುದಿಲ್ಲ, ಯಾಕೆಂದರೆ ಆ ಕೆಲಸಕ್ಕೆ ಈಗ ಚೀಟಿಯೇ ಇಲ್ಲ. ಬಾಣ ಎಳೆಯುವಾಗ ಕಾಣುತ್ತದೆ.

ಕೊಟ್ಟಾರಚೌಕಿಯವರೇ, ಮೊದಲು ಕಾಂಟೆಕ್ಸ್ಟ್ ಡಯಾಗ್ರಾಂ. ನಡುವೆ ಒಂದೇ ವೃತ್ತ, ‘ಅಡಿಕೆ ಖರೀದಿ-ದಾಸ್ತಾನು ವ್ಯವಸ್ಥೆ’. ಸುತ್ತ ಚೌಕಗಳಲ್ಲಿ ರೈತ, ಹೊರರಾಜ್ಯದ ಖರೀದಿದಾರ, ಬ್ಯಾಂಕು, ಲಾರಿ ಸರ್ವಿಸಿನವರು, ಲೆಕ್ಕಪರಿಶೋಧಕರು, ಧಣಿಗಳು. ಪುತ್ತೂರು ಶಾಖೆ ಒಳಗೋ ಹೊರಗೋ ಅಂತ ಇಲ್ಲೇ ತೀರ್ಮಾನ ಆಗಬೇಕು. ಒಳಗೆ ಅಂತಾದರೆ ಅದು ಹೊರಗಿನ ಚೌಕದಲ್ಲಿ ಬರುವುದಿಲ್ಲ. ಈ ಚಿತ್ರದಲ್ಲಿ ಡೇಟಾ ಸ್ಟೋರ್ (ಪುಸ್ತಕ, ಕೋಷ್ಟಕದಂಥ ದಾಖಲೆ ಇಡುವ ಜಾಗ) ಹಾಕಬಾರದು.

ಆಮೇಲೆ ಅದನ್ನು ಒಡೆಯಿರಿ: 1 ಮಾಲು ಸ್ವೀಕರಿಸು, 2 ರೇಟು ನಿರ್ಧರಿಸು, 3 ಹಣ ಪಾವತಿಸು, 4 ವಿಂಗಡಿಸು, 5 ಮಾಲು ಕಳುಹಿಸು, 6 ವರದಿ ಕೊಡು. ಪ್ರೊಸೆಸಿನ ಹೆಸರು ಕ್ರಿಯಾಪದದಲ್ಲೇ ಇರಲಿ. ‘ಗೋದಾಮು ವಿಭಾಗ’ ಅಂತ ಬರೆದರೆ ಅಲ್ಲಿ ಎಂತ ಆಗುತ್ತದೆ ಅಂತ ನಿಮಗೇ ಗೊತ್ತಿಲ್ಲ ಎಂದರ್ಥ. ಆಮೇಲೆ ತಪ್ಪು ಹುಡುಕಿ. ಒಳಗೆ ಬಾಣ ಉಂಟು, ಹೊರಗೆ ಇಲ್ಲ: ಆ ಮಾಹಿತಿ ಯಾರಿಗೂ ಬೇಡ, ಅಥವಾ ಬೇಕಾದವರನ್ನು ನೀವು ಕಂಡಿಲ್ಲ. ಹೊರಗೆ ಬಾಣ ಉಂಟು, ಒಳಗೆ ಇಲ್ಲ: ವರದಿ ಗಾಳಿಯಲ್ಲಿ ಹುಟ್ಟುತ್ತಿದೆ. ನಿಮ್ಮ ಅಂಗಡಿಯಲ್ಲಿ 4ನೇ ಪ್ರೊಸೆಸಿಗೆ ಇದೇ ಗತಿ. ಒಂದು ಸ್ಟೋರಿನಿಂದ ಇನ್ನೊಂದಕ್ಕೆ ನೇರ ಬಾಣ ಹೋಗುವ ಹಾಗಿಲ್ಲ, ನಡುವೆ ಯಾರಾದರೂ ಕೆಲಸ ಮಾಡಲೇಬೇಕು. ಒಳಚಿತ್ರಕ್ಕೆ ಬರುವ ಹೋಗುವ ಬಾಣಗಳು ಮೇಲಿನ ಚಿತ್ರದ್ದಕ್ಕೆ ಸರಿಹೊಂದಬೇಕು. ಡಿಎಫ್‌ಡಿಯಲ್ಲಿ ‘ಹೌದಾದರೆ ಇಲ್ಲಿ, ಇಲ್ಲವಾದರೆ ಅಲ್ಲಿ’ ಇರುವುದಿಲ್ಲ, ಅದು ಫ್ಲೋಚಾರ್ಟ್. ಅಂಥ ನಿಯಮಗಳಿಗೆ ಡಿಸಿಷನ್ ಟೇಬಲ್, ಅಂದರೆ ಯಾವ ಷರತ್ತಿಗೆ ಎಂತ ಮಾಡಬೇಕು ಎಂಬ ಕೋಷ್ಟಕ, ಮಾಡಿ. ಅಡ್ವಾನ್ಸ್ ಬಾಕಿ ಉಂಟಾ, ರೇಟು ಕಡಿದಾಗಿದೆಯಾ, ಮೊತ್ತ ಧಣಿಗಳ ಮಿತಿ ದಾಟಿದೆಯಾ, ಮೂರೇ ಷರತ್ತು, ಎಂಟು ಸಾಧ್ಯತೆ. ರೈಟರು ಬಾಯಲ್ಲಿ ಹೇಳುವುದು ಮೂರೋ ನಾಲ್ಕೋ. ಉಳಿದವನ್ನು ನೀವು ಒಂದೊಂದಾಗಿ ಕೇಳಬೇಕು.

ಜೊತೆಗೆ ಡೇಟಾ ಡಿಕ್ಷನರಿ, ಅಂದರೆ ಒಂದೊಂದು ಹೆಸರಿನ ಅರ್ಥ ಬರೆದಿಡುವ ಪಟ್ಟಿ. ‘ತೂಕ’ ಎಂದರೆ ಗೋಣಿ ಸಮೇತವಾ, ಕಳೆದಾ? ಮೂರು ದಶಮಾಂಶವಾ, ಎರಡಾ? ಬಂದರಿನಲ್ಲಿ ಗೋಣಿಗೆ 800 ಗ್ರಾಂ ಕಳೆದು ಪುತ್ತೂರಿನಲ್ಲಿ ಒಂದು ಕಿಲೋ ಕಳೆಯುತ್ತಿದ್ದರೆ ನೂರು ಗೋಣಿಗೆ 20 ಕಿಲೋ ವ್ಯತ್ಯಾಸ ಅಲ್ಲೇ ಉಂಟು.

ಹಳೆಯದಾದರೂ ಒಂದು ಉದಾಹರಣೆ ಹೇಳಲೇಬೇಕು. ವ್ಯಾಪಾರದ ದಿನನಿತ್ಯದ ಕೆಲಸಕ್ಕೆ ಕಂಪ್ಯೂಟರ್ ಬಳಸಿದವರಲ್ಲಿ ಮೊದಲಿಗರು ಇಂಗ್ಲೆಂಡಿನ ಜೆ. ಲಯನ್ಸ್ ಕಂಪನಿ, ಚಹಾದಂಗಡಿ ಮತ್ತು ಬೇಕರಿ ನಡೆಸುತ್ತಿದ್ದವರು. ಅವರೇ ಕಟ್ಟಿದ ‘ಲಿಯೋ’ ಯಂತ್ರ 1951ರಲ್ಲಿ ಬೇಕರಿ ಮಾಲಿನ ಮೌಲ್ಯದ ಲೆಕ್ಕ ಶುರು ಮಾಡಿತು. ಅಲ್ಲಿ ವಿಶ್ಲೇಷಣೆಯ ಹೊಣೆ ಹೊತ್ತ ಡೇವಿಡ್ ಕ್ಯಾಮಿನರ್ ಅವರನ್ನು ಮೊದಲ ಸಿಸ್ಟಮ್ಸ್ ಅನಲಿಸ್ಟ್ ಎಂದು ಹೇಳುವುದುಂಟು. ಚಹಾದಂಗಡಿಗಳ ಮರುದಿನದ ಆರ್ಡರಿಗೆ ಅವರು ಮಾಡಿದ ಉಪಾಯ ನೋಡಿ: ಪ್ರತಿ ಅಂಗಡಿಗೂ ವಾರದ ದಿನವಾರು ಮಾಮೂಲಿ ಆರ್ಡರ್ ಯಂತ್ರದಲ್ಲಿ ಇಟ್ಟರು. ಅಂಗಡಿಯವರು ಫೋನಿನಲ್ಲಿ ಹೇಳಬೇಕಾದ್ದು ಮಾಮೂಲಿಗಿಂತ ಹೆಚ್ಚು ಕಡಿಮೆ ಇದ್ದದ್ದನ್ನು ಮಾತ್ರ, ಅದನ್ನು ಕೇಳುತ್ತಲೇ ಕಾರ್ಡಿಗೆ ಪಂಚ್ ಮಾಡುತ್ತಿದ್ದರು. ಯಂತ್ರ ವೇಗ ಆದದ್ದಲ್ಲ, ಒಳಗೆ ತುಂಬಿಸಬೇಕಾದ ಡೇಟಾವೇ ಕಡಿಮೆಯಾಯಿತು. ನಿಮ್ಮ ಚೀಟಿಯ ಸ್ಕ್ರೀನಿನಲ್ಲೂ ಹಾಗೆ, ರೈತನ ಕೋಡು ಹೊಡೆದ ಕೂಡಲೇ ಊರು, ಬ್ಯಾಂಕು ಖಾತೆ, ಕಳೆದ ಸಲದ ಗ್ರೇಡು ಬಂದು ನಿಲ್ಲಲಿ. ಬದಲಾದದ್ದನ್ನು ಮಾತ್ರ ಹೊಡೆಯುವ ಹಾಗೆ.

ಕೊಟ್ಟಾರಚೌಕಿ

ತುಂಬಾ ಉಪಕಾರ ಆಯ್ತು ಅಕ್ಕ, ಸರ್. ವಿಂಗಡಣೆಗೆ ಚೀಟಿಯೇ ಇಲ್ಲ ಅನ್ನುವುದು ನಿಜ. ಇನ್ನೆರಡು ಸಂಶಯ. ಆಗುತ್ತದೋ ಇಲ್ಲವೋ ಎಂಬ ಫೀಸಿಬಿಲಿಟಿ ವರದಿಯಲ್ಲಿ ಎಂತ ಬರೆಯುವುದು? ಮತ್ತೆ, ಧಣಿಗಳು ಏಪ್ರಿಲ್ 1ಕ್ಕೆ ಹಳೇ ಪುಸ್ತಕ ಬಂದ್, ಹೊಸದು ಶುರು ಅನ್ನುತ್ತಿದ್ದಾರೆ. ಒಪ್ಪಬಹುದಾ?

ನೇತ್ರಾವತಿ_ದಡ

ಫೀಸಿಬಿಲಿಟಿಯಲ್ಲಿ ತಾಂತ್ರಿಕ, ಆರ್ಥಿಕ ಎರಡನ್ನು ಎಲ್ಲರೂ ಬರೆಯುತ್ತಾರೆ. ಬಿದ್ದುಹೋಗುವುದು ಮೂರನೆಯದು, ಅಂದರೆ ಅಲ್ಲಿನ ಜನ, ಅಲ್ಲಿನ ಜಾಗದಲ್ಲಿ ಇದು ನಡೆಯುತ್ತದಾ ಎನ್ನುವುದು.

ತಕ್ಕಡಿಯ ಹತ್ತಿರ ಅಡಿಕೆ ಧೂಳು. ಸಾಮಾನ್ಯ ಕೀಬೋರ್ಡು ಬಾಳುವುದಿಲ್ಲ, ನಂಬರ್ ಪ್ಯಾಡಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ. ಎಲೆಕ್ಟ್ರಾನಿಕ್ ತಕ್ಕಡಿಗೆ ಹಿಂದೆ ಸೀರಿಯಲ್ ಪೋರ್ಟ್ ಉಂಟಾ ನೋಡಿ. ಇದ್ದರೆ ತೂಕ ನೇರ ಕಂಪ್ಯೂಟರಿಗೆ ತಗೊಳ್ಳಬಹುದು, ಕೈಯಲ್ಲಿ ಹೊಡೆಯುವ ತಪ್ಪು ಪೂರ್ತಿ ಹೋಗುತ್ತದೆ. ಆದರೆ ತಕ್ಕಡಿ ಎಡೆಬಿಡದೆ ಅಂಕೆ ಕಳಿಸುತ್ತಿರುತ್ತದೆ, ಗೋಣಿ ಇಟ್ಟು ಅಲ್ಲಾಡುವಾಗಿನ ಅಂಕೆ ಹಿಡಿದರೆ ತಪ್ಪು. ಸ್ಥಿರವಾದ ಮೇಲೆ ಬರುವ ಸಂಕೇತ ನೋಡಿ ಮಾತ್ರ ತಗೊಳ್ಳಿ. ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ವರ್ಷದ ಮುದ್ರೆ ಇರುತ್ತದೆ, ಸೀಲ್ ಬಿಚ್ಚಿ ಒಳಗೆ ಕೈ ಹಾಕುವ ಕೆಲಸ ಯಾರೂ ಮಾಡಬಾರದು. ಚೀಟಿಗೆ ಥರ್ಮಲ್ ಪ್ರಿಂಟರ್ ಬೇಡ. ರೇಟು ಕಡಿಯುವ ತನಕ ರೈತ ಆ ಚೀಟಿಯನ್ನು ತಿಂಗಳುಗಟ್ಟಲೆ ಕಿಸೆಯಲ್ಲೋ ಡಬ್ಬಿಯಲ್ಲೋ ಇಡುತ್ತಾನೆ, ಸೆಕೆಗೆ ಅಕ್ಷರ ಮಾಸಿಹೋಗುತ್ತದೆ. ಡಾಟ್ ಮ್ಯಾಟ್ರಿಕ್ಸ್, ಎರಡು ಪ್ರತಿ. ಮಳೆಗಾಲದಲ್ಲಿ ಪುತ್ತೂರಿನಲ್ಲಿ ಕರೆಂಟೂ ನೆಟ್ಟೂ ಒಟ್ಟಿಗೆ ಹೋಗುವುದುಂಟು. ಶಾಖೆಯಲ್ಲಿ ಚೀಟಿ ಅಲ್ಲಿಯೇ ಉಳಿದು ನೆಟ್ ಬಂದಾಗ ಮುಖ್ಯ ಅಂಗಡಿಗೆ ಹೋಗುವಂತಿರಲಿ. ಚೀಟಿ ಸಂಖ್ಯೆಗೆ ಶಾಖೆಯ ಅಕ್ಷರ ಸೇರಿಸಿ (ಬ-1042, ಪು-0388). ಇಲ್ಲದಿದ್ದರೆ ಎರಡು ಕಡೆಯೂ ಒಂದೇ ಸಂಖ್ಯೆ ಹುಟ್ಟಿ ಒಂದು ಇನ್ನೊಂದನ್ನು ನುಂಗುತ್ತದೆ.

ಏಪ್ರಿಲ್ 1ರ ವಿಷಯ. ಆರಂಭದ ಶಿಲ್ಕಿಗೆ ಆ ದಿನ ಅನುಕೂಲ, ಮಾರ್ಚ್ 31ಕ್ಕೆ ಹೇಗೂ ಗೋದಾಮು ತೂಗಿ ಎಣಿಸುತ್ತಾರೆ. ಆದರೆ ಚಾಲಿ (ಬಿಸಿಲಲ್ಲಿ ಒಣಗಿಸುವ ಬಿಳಿ ಅಡಿಕೆ) ಒಣಗಿ ಬರುವ ಹೊತ್ತೂ ಅದೇ, ಅಂಗಡಿಯಲ್ಲಿ ಉಸಿರಾಡಲು ಪುರುಸೊತ್ತು ಇರುವುದಿಲ್ಲ. ಒಂದೇ ಏಟಿಗೆ ಹಳೇ ಪುಸ್ತಕ ಮುಚ್ಚಬೇಡಿ. ನನ್ನ ಸಲಹೆ: ಮಾರ್ಚ್ 31ರ ತೂಕವನ್ನು ಹೊಸ ವ್ಯವಸ್ಥೆಗೆ ಹಾಕಿ, ಏಪ್ರಿಲಿನಲ್ಲಿ ಬಂದರಿನ ಅಂಗಡಿಯಲ್ಲಿ ಮಾತ್ರ, ಅದೂ ಖರೀದಿ ಚೀಟಿ ಮತ್ತು ವಿಂಗಡಣೆ ಮಾತ್ರ ಶುರು ಮಾಡಿ. ಹಣ ಪಾವತಿ ಹಳೇ ಕ್ರಮದಲ್ಲೇ ಇರಲಿ. ಪುತ್ತೂರನ್ನು ಜೂನ್-ಜುಲೈಯಲ್ಲಿ ಸೇರಿಸಿ, ಆಗ ದಿನಕ್ಕೆ ನಾಲ್ಕೈದು ಚೀಟಿ, ಕಲಿಯಲು ಸಮಯ ಸಿಗುತ್ತದೆ.

ಎರಡು ವಾರ ಹಳೇ ಪುಸ್ತಕ, ಹೊಸ ವ್ಯವಸ್ಥೆ ಎರಡೂ ಒಟ್ಟಿಗೆ ನಡೆಯಲಿ. ಸಂಜೆ ಮೂರೇ ಮೊತ್ತ ಹೋಲಿಸಿ: ಎಷ್ಟು ಚೀಟಿ, ಒಟ್ಟು ನಿವ್ವಳ ತೂಕ, ಒಟ್ಟು ಹಣ. ಇದೇ ಅನುಕ್ರಮದಲ್ಲಿ. ಚೀಟಿಯ ಎಣಿಕೆಯೇ ತಪ್ಪಿದ್ದರೆ ತೂಕ ನೋಡಿ ಪ್ರಯೋಜನ ಇಲ್ಲ, ಬಿಟ್ಟುಹೋದ ಚೀಟಿ ಹುಡುಕಿ. ಎಣಿಕೆ ಸರಿ, ತೂಕ ತಪ್ಪು ಎಂದಾದರೆ ವ್ಯತ್ಯಾಸವನ್ನು ಗ್ರಾಮಿಗೆ ತಂದು 9ರಿಂದ ಭಾಗಿಸಿ. ಸರಿಯಾಗಿ ಹೋದರೆ ಅಂಕೆ ಅದಲುಬದಲು ಆಗಿರುವ ಸಾಧ್ಯತೆ ಹೆಚ್ಚು: 52.300ರ ಬದಲು 53.200 ಹೊಡೆದರೆ ವ್ಯತ್ಯಾಸ 900 ಗ್ರಾಂ. ತೂಕವೂ ಸರಿ, ಹಣ ಮಾತ್ರ ತಪ್ಪು ಅಂದರೆ ರೇಟು ಬದಲಾದ ಗಂಟೆ ನೋಡಿ, ಅಥವಾ ಪೈಸೆ ದುಂಡು ಮಾಡುವ ಕ್ರಮ. ರೈಟರು ಚೀಟಿಗೆ ಒಮ್ಮೆ ದುಂಡು ಮಾಡುತ್ತಾರೆ, ಪ್ರೋಗ್ರಾಂ ಗೋಣಿಗೊಮ್ಮೆ ಮಾಡುತ್ತಿರಬಹುದು. ಮೂರೂ ಮೊತ್ತ ಸತತ ಆರು ದಿನ ತಾಳೆಯಾಗುವ ತನಕ ಚೀಟಿ ಪುಸ್ತಕ ನಿಲ್ಲಿಸಬೇಡಿ ಎಂದು ಧಣಿಗಳ ಹತ್ತಿರ ಮೊದಲೇ ಬರೆಸಿಕೊಳ್ಳಿ.

ಹಾಗೆಯೇ ಸಹಿ ಹಾಕಿಸುವ ಅಗತ್ಯಗಳ ದಾಖಲೆಯಲ್ಲಿ ‘ಇದರಲ್ಲಿ ಇಲ್ಲದ್ದು’ ಅಂತ ಒಂದು ಪುಟ ಬೇರೆಯೇ ಇಡಿ. ಕೆಲಸದವರ ಸಂಬಳ ಇಲ್ಲ, ಜಿಎಸ್‌ಟಿ ರಿಟರ್ನ್ ಇಲ್ಲ (ಟ್ಯಾಲಿಗೆ ದಿನದ ಮೊತ್ತ ಹೋಗುತ್ತದೆ ಅಷ್ಟೇ), ಕಾಳುಮೆಣಸು ಖರೀದಿ ಇಲ್ಲ. ಅಡಿಕೆ ಅಂಗಡಿಗೆ ಕಾಳುಮೆಣಸು ಬಂದೇ ಬರುತ್ತದೆ, ಅದನ್ನು ಕೇಳಿಯೇ ಆ ಪುಟಕ್ಕೆ ಹಾಕಿ.

ಕೊಟ್ಟಾರಚೌಕಿ

ಕೇಳಿದೆ. ಮೆಣಸು ಉಂಟಂತೆ, ಅದೂ ಇದೇ ಚೀಟಿ ಪುಸ್ತಕದಲ್ಲಿ. ನಾಳೆ ಕಾಂಟೆಕ್ಸ್ಟ್ ಡಯಾಗ್ರಾಂ ಬಿಡಿಸಿ ಇಲ್ಲಿ ಹಾಕುತ್ತೇನೆ, ತಪ್ಪಿದ್ದರೆ ತಿದ್ದಿ.